ಮಾವನಿಗೆ ಕುರ್ಚಿ ಇಲ್ಲ, ಅಳಿಯ ಕಟ್ಟಿದ ಕಟ್ಟಡ ಇದೆ

2024ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ತಿಂಗಳುಗಟ್ಟಲೆ ಒಂದು ಉತ್ಸವ ನಡೆಸಿತು. ವಿಷಯ, ವೈಮರ್ ಗಣರಾಜ್ಯದ ಪತನ. ಮೊದಲ ಮಹಾಯುದ್ಧ ಸೋತ ಜರ್ಮನಿಯಲ್ಲಿ 1919ರಿಂದ 1933ರವರೆಗೆ ಇದ್ದ ಪ್ರಜಾಪ್ರಭುತ್ವ ಅದು. "ತಿಕೋಟಾದಾಗ ದ್ರಾಕ್ಷಿ ಬೆಳೆಯೋ ನಮಗ ಅದ್ರಿಂದ ಏನ್ ಆಗಬೇಕ್ರೀ?" ಅಂತ ನೀವು ಕೇಳಬಹುದು. ಸ್ವಲ್ಪ ಇರಿ, ಕಥೆ ಬೆಂಗಳೂರಿಗೇ ಬರುತ್ತೆ.

ಆ ಹದಿನಾಲ್ಕು ವರ್ಷ ಅಂದ ಕೂಡಲೇ ಎಲ್ಲರೂ ಬ್ರೆಕ್ಟ್ ನಾಟಕ, ಬಾಹೌಸ್ ಶಾಲೆ, 1927ರ 'ಮೆಟ್ರೊಪೊಲಿಸ್' ಸಿನಿಮಾ ನೆನೀತಾರೆ. ನಾನು ಇಂಜಿನಿಯರಿಂಗ್ ಓದಿದವನು, ನನಗೆ ಗಾಟಿಂಗೆನ್ ವಿಶ್ವವಿದ್ಯಾಲಯ ನೆನಪಾಗುತ್ತೆ. ಕ್ವಾಂಟಮ್ ಮೆಕ್ಯಾನಿಕ್ಸ್ ರೂಪ ತಳೆದ ಜಾಗ. ಅದಿಲ್ಲದೆ ಸೆಮಿಕಂಡಕ್ಟರ್ ಇಲ್ಲ, ನಿಮ್ಮ ಕೈಯಲ್ಲಿರೋ ಮೊಬೈಲೂ ಇಲ್ಲ. ಅಲ್ಲಿ ಪ್ರೊಫೆಸರ್ ಆಗಿದ್ದವರು ಮ್ಯಾಕ್ಸ್ ಬಾರ್ನ್.

1933ರಲ್ಲಿ ಹಿಟ್ಲರ್ ಬಂದ. ಯಹೂದಿ ಅನ್ನೋ ಕಾರಣಕ್ಕೆ ಬಾರ್ನ್ ಅವರ ಕೆಲಸ ಹೋಯ್ತು. 1935ರಲ್ಲಿ ಸರ್ ಸಿ. ವಿ. ರಾಮನ್ ಅವರನ್ನ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. ಕಾಯಂ ಹುದ್ದೆ ಕೊಡಿಸೋ ಆಸೆ ರಾಮನ್ ಅವರಿಗೆ. ಆದರೆ ಪ್ರಾಧ್ಯಾಪಕರ ಸಭೆಯಲ್ಲಿ, ಬಾರ್ನ್ ಎದುರಿಗೇ, ಒಬ್ಬರು ಎದ್ದು ನಿಂತರು: ಸ್ವಂತ ದೇಶವೇ ಹೊರಹಾಕಿದ ಎರಡನೇ ದರ್ಜೆಯ ಪರದೇಶಿ ನಮಗ್ಯಾಕೆ ಅನ್ನೋ ಅರ್ಥದ ಮಾತಾಡಿದರು. ಮನೆಗೆ ಬಂದು ಅತ್ತೆ ಅಂತ ಬಾರ್ನ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1936ರಲ್ಲಿ ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು. ಆ 'ಎರಡನೇ ದರ್ಜೆ'ಯವರಿಗೇ!

ಇನ್ನು ಅಳಿಯನ ಕಥೆ. ಬಾರ್ನ್ ಅವರ ತಂಗಿಯ ಮಗ ಓಟೊ ಕೋನಿಗ್ಸ್‌ಬರ್ಗರ್, ಬರ್ಲಿನ್‌ನಲ್ಲಿ ಓದಿದ ಆರ್ಕಿಟೆಕ್ಟ್. ಅವರೂ ದೇಶ ಬಿಟ್ಟು ಈಜಿಪ್ಟ್ ಸೇರಿದ್ದರು. 1939ರಲ್ಲಿ ಮೈಸೂರು ಸಂಸ್ಥಾನ ಅವರನ್ನ ಮುಖ್ಯ ವಾಸ್ತುಶಿಲ್ಪಿ ಮಾಡಿಕೊಂಡಿತು. ದಿವಾನರು ಮಿರ್ಜಾ ಇಸ್ಮಾಯಿಲ್. ಬರ್ಲಿನ್ನಿನ ಚಳಿಗೆ ಕಲಿತ ವಿದ್ಯೆಯನ್ನ ಈ ಮನುಷ್ಯ ನಮ್ಮ ಬಿಸಿಲಿಗೆ ತಕ್ಕಂತೆ ತಿದ್ದಿಕೊಂಡರು: ಕಿಟಕಿ ಮೇಲೆ ನೆರಳು ಬೀಳಬೇಕು, ಎದುರುಬದುರು ಗಾಳಿ ಆಡಬೇಕು. ಬಿಸಿಲು ಸೀಮೆಯಲ್ಲಿ ಮನೆ ಕಟ್ಟೋದು ಹೇಗೆ ಅಂತ ಮುಂದೆ ಪುಸ್ತಕವನ್ನೇ ಬರೆದರು. ಈಗ ವಿಜಯಪುರದಲ್ಲಿ, ಇಷ್ಟು ಬಿಸಿಲಲ್ಲಿ, ನಾವು ಗಾಜಿನ ಕಾಂಪ್ಲೆಕ್ಸ್ ಕಟ್ಟಿ ಎಸಿ ಹಾಕ್ತಿದೀವಿ, ಅದು ಬೇರೆ ಮಾತು.

ಅವರು ಎಲ್ಲಿ ಕಟ್ಟಿದರು ಗೊತ್ತಾ? ಮಾವನಿಗೆ ಕುರ್ಚಿ ಸಿಗದ ಅದೇ ಸಂಸ್ಥೆಯ ಆವರಣದಲ್ಲಿ. ಏರೋನಾಟಿಕ್ಸ್ ವಿಭಾಗದ ಕಟ್ಟಡ, ಊಟದ ಹಾಲ್ ಇರೋ ಸಭಾಂಗಣ, ಎರಡೂ ಅವರ ಕೈಯವು. ನಮ್ಮಲ್ಲಿ ಯಾರಾದರೂ ವೈಮರ್ ಉತ್ಸವ ಮಾಡೋದಾದ್ರೆ ಅಲ್ಲೇ ಮಾಡಲಿ.