ಹುಟ್ಟುವ ಮುನ್ನವೇ ಮೂಳೆಗೊಂದು ಆಸರೆ

ಒಂಬತ್ತು ತಿಂಗಳ ಹೆಣ್ಣುಮಗುವಿನ ಮೂಳೆಯ ಚೂರು ಅದು. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ವೈದ್ಯರು ಅದರಲ್ಲಿ ಹುಡುಕುತ್ತಿದ್ದದ್ದು ಗಂಡಿನ ಗುರುತಾದ ವೈ ಕ್ರೋಮೋಸೋಮನ್ನು. ಹುಡುಕಿದ್ದು ಸಿಕ್ಕಿತು. ಪರೀಕ್ಷಿಸಿದ ಜೀವಕೋಶಗಳಲ್ಲಿ ಶೇ. 0.3ರಿಂದ 7.4ರಷ್ಟು ಆ ಮಗುವಿನವೇ ಅಲ್ಲ, ಬೇರೊಂದು ಗಂಡು ಭ್ರೂಣದ ಯಕೃತ್ತಿನಿಂದ ಬಂದವು!

ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಈ ಮಗುವಿನ ಮೂಳೆಗಳು ಮುರಿದಿದ್ದವು. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಈ ಕಾಯಿಲೆ ಸುಮಾರು 15ರಿಂದ 20 ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ತೀವ್ರವಾಗಿದ್ದರೆ ಬಟ್ಟೆ ಬದಲಿಸುವಾಗ, ಎತ್ತಿ ಮುದ್ದಾಡುವಾಗಲೂ ಮೂಳೆ ಮುರಿದೀತು. ಮಗುವನ್ನು ಮುಟ್ಟಲೇ ಹೆದರುವ ತಾಯಿಯ ಸಂಕಟವನ್ನು ಯಾವ ಎಕ್ಸ್‌ರೇ ತೋರಿಸುತ್ತದೆ?

ಮೂಳೆ ಆರ್‌ಸಿಸಿ ಕಂಬದಂತೆ. ಕ್ಯಾಲ್ಸಿಯಂ ಅದರ ಕಾಂಕ್ರೀಟು, ಕೊಲಾಜೆನ್ ಎಂಬ ಪ್ರೋಟೀನು ಒಳಗಿನ ಸರಳು. ಈ ಕೊಲಾಜೆನ್ ಮೂರೆಳೆಯ ಜಡೆ. ಪ್ರತಿ ಎಳೆಯಲ್ಲೂ ಮೂರಕ್ಕೊಂದರಂತೆ ಗ್ಲೈಸಿನ್ ಎಂಬ ಪುಟಾಣಿ ಅಮೈನೋ ಆಮ್ಲ ಕೂತಿದ್ದರೆ ಮಾತ್ರ ಹೆಣಿಗೆ ಬಿಗಿಯಾಗುತ್ತದೆ. ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿ, ಆ ಜಾಗಕ್ಕೆ ದಪ್ಪನೆಯದೊಂದು ಬಂದು ಕೂತರೆ ಜಡೆ ಉಬ್ಬಿ ಸಡಿಲವಾಗುತ್ತದೆ. ಎಷ್ಟು ಹಾಲು, ರಾಗಿ ಕೊಟ್ಟರೂ ಈ ದೋಷ ಸರಿಹೋಗುವುದಿಲ್ಲ. ಎಷ್ಟೋ ಮಕ್ಕಳಲ್ಲಿ ಇದು ಹೊಸದಾಗಿಯೇ ಉಂಟಾದ ದೋಷ. ಬಸುರಿಯಾಗಿದ್ದಾಗ ತಾಯಿ ಸರಿಯಾಗಿ ಉಣ್ಣಲಿಲ್ಲ ಎಂದು ದೂರುವುದು ಶುದ್ಧ ಅನ್ಯಾಯ.

ಈಗಿನ ಚಿಕಿತ್ಸೆಯೆಂದರೆ ಮೂಳೆಯ ಸವೆತ ತಗ್ಗಿಸುವ ಬಿಸ್ಫಾಸ್ಫೊನೇಟ್ ಔಷಧಿ, ಮಗು ಬೆಳೆದಂತೆ ಉದ್ದವಾಗುವ ಲೋಹದ ಸರಳು, ಫಿಸಿಯೋಥೆರಪಿ. ಇವು ಬಹಳ ಉಪಕಾರಿ, ಆದರೆ ಕೊಲಾಜೆನ್ನಿನ ತಪ್ಪು ಹಾಗೇ ಉಳಿಯುತ್ತದೆ. ಮೂಳೆ ಕಟ್ಟುವ ಆರೋಗ್ಯವಂತ ಕಾಂಡಕೋಶಗಳನ್ನೇ (ಸ್ಟೆಮ್ ಸೆಲ್) ದೇಹಕ್ಕೆ ಕೊಟ್ಟರೆ? ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆ, ಇಂಥ ಕೋಶಗಳಿರುವ ಅಸ್ಥಿಮಜ್ಜೆಯ ಕಸಿ ಪಡೆದ ಮೂರು ಮಕ್ಕಳ ವರದಿಯನ್ನು 1999ರಲ್ಲಿ ಪ್ರಕಟಿಸಿತು. ಮಕ್ಕಳು ಬೆಳೆದರು, ಮುರಿತಗಳು ಕಡಿಮೆಯಾದವು. ಆದರೆ ಮೂಳೆಯಲ್ಲಿ ನೆಲೆನಿಂತ ದಾನಿಯ ಕೋಶಗಳು ಶೇ. 2ನ್ನೂ ದಾಟಿರಲಿಲ್ಲ.

ಸ್ವೀಡನ್ನಿನವರು ಇನ್ನೂ ಹಿಂದಕ್ಕೆ ಹೋದರು. 32ನೇ ವಾರದಲ್ಲಿ, ಆರಂಭದಲ್ಲಿ ಹೇಳಿದ ಮಗು ಗರ್ಭದಲ್ಲಿರುವಾಗಲೇ, ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ಆ ಗಂಡು ಭ್ರೂಣದ ಯಕೃತ್ತಿನ ಕಾಂಡಕೋಶಗಳನ್ನು ಹರಿಸಿದರು. 2005ರಲ್ಲಿ ವರದಿಯಾದಂತೆ, ಹುಟ್ಟಿದ ಮೊದಲ ಎರಡು ವರ್ಷದಲ್ಲಿ ಆ ಮಗುವಿಗೆ ಮೂರೇ ಮುರಿತ. ಆಮೇಲೆ ಬೆಳವಣಿಗೆ ಕುಂಠಿತವಾಗಿ ಮುರಿತಗಳೂ ಮರುಕಳಿಸಿದವು. ಎಂಟನೇ ವಯಸ್ಸಿನಲ್ಲಿ ಅದೇ ದಾನಿಯ ಕೋಶಗಳನ್ನು ಮತ್ತೆ ಕೊಟ್ಟರು. ಮುಂದಿನ ಎರಡು ವರ್ಷ ಹೊಸ ಮುರಿತವಿಲ್ಲ, ಹುಡುಗಿ ನೃತ್ಯದ ತರಗತಿಗೂ ಸೇರಿದಳು.

ಕೇಳಿದರೆ ಕಣ್ಣು ತುಂಬಿಬರುತ್ತದೆ. ಆದರೂ ಅವಳಿಗೆ ನಾಲ್ಕನೇ ತಿಂಗಳಿನಿಂದ ಬಿಸ್ಫಾಸ್ಫೊನೇಟನ್ನೂ ಕೊಡುತ್ತಿದ್ದರು ಎಂಬುದನ್ನು ಮರೆಯುವಂತಿಲ್ಲ. ಗುಣ ಯಾವುದರದ್ದು, ಎಷ್ಟು ಎಂದು ಒಂದೇ ಮಗುವಿನಿಂದ ಹೇಳಲಾಗದು. ಇಷ್ಟು ಕಡಿಮೆ ಕೋಶಗಳು ಹೇಗೆ ನೆರವಾಗುತ್ತವೆ ಎಂಬುದೂ ಕುತೂಹಲದ್ದೇ. ಅವು ತಾವೇ ಮೂಳೆ ಕಟ್ಟುವುದಕ್ಕಿಂತ, ಸ್ರವಿಸುವ ಅಂಶಗಳಿಂದ ಮಗುವಿನ ಸ್ವಂತ ಕೋಶಗಳನ್ನು ಚುರುಕುಗೊಳಿಸುತ್ತವೆ ಎಂದು ಹಲವು ಸಂಶೋಧಕರು ಭಾವಿಸುತ್ತಾರೆ. ಪರಿಣಾಮ ಕಾಲಕ್ರಮೇಣ ಮಾಸುವುದರಿಂದ, ಯುರೋಪಿನ ಬೂಸ್ಟ್‌ಬಿ4 ಪ್ರಯೋಗದಲ್ಲಿ ಒಂದೇ ಸಲಕ್ಕೆ ನಿಲ್ಲಿಸದೆ ನಾಲ್ಕು ಬಾರಿ ಕೋಶಗಳನ್ನು ಕೊಡುವ ಯೋಜನೆ ರೂಪಿಸಿದರು.

ಕರೋಲಿನ್‌ಸ್ಕಾದ ಜೊತೆಗೂಡಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಕೂಡ ಇಂಥ ಪ್ರಯೋಗಕ್ಕೆ ಕೈಹಾಕಿದೆ.

ಆದರೆ ಈ ಕಾಯಿಲೆಗೆ ಕಾಂಡಕೋಶ ಇನ್ನೂ ಪ್ರಯೋಗದ ಹಂತದಲ್ಲೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಸಾಬೀತಾಗದ ಇಂಥ ಚಿಕಿತ್ಸೆಯನ್ನು ಅನುಮೋದಿತ ಪ್ರಯೋಗದ ಹೊರಗೆ ಕೊಡುವಂತಿಲ್ಲ, ಪ್ರಯೋಗಕ್ಕೆ ಸೇರಿದವರಿಂದ ಹಣ ಪಡೆಯುವಂತಿಲ್ಲ. ಲಕ್ಷಗಟ್ಟಲೆ ಕೇಳಿ ಗುಣಪಡಿಸುವ ಭರವಸೆ ಕೊಡುವ ಕ್ಲಿನಿಕ್ಕಿನ ಮುಂದೆ ನಿಂತ ಅಪ್ಪ ಅಮ್ಮಂದಿರು, ಹೊಲ ಮಾರುವ ಮುಂಚೆ, ಆ ಪ್ರಯೋಗದ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಬೇಕು.