ದ್ವೀಪಕ್ಕೆ ಹೊರಡುವ ಮುನ್ನ

ರಜೆ ಸಮೀಪಿಸಿತೆಂದರೆ ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆಯ ಮನೆಗಳಲ್ಲೂ ಈಗ ಅಂಡಮಾನ್, ಲಕ್ಷದ್ವೀಪಗಳ ಟಿಕೆಟ್ ಲೆಕ್ಕಾಚಾರ ಆರಂಭವಾಗುತ್ತದೆ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕೆಂದರೆ ತಾಳ್ಮೆಯಿಂದ ಕಾಯುತ್ತೇವೆ. ಆದರೆ ಕಾವೇರಿಯ ಕವಲುಗಳ ನಡುವಿನ ಶ್ರೀರಂಗಪಟ್ಟಣವೂ ದ್ವೀಪವೇ ಎಂಬುದನ್ನು ಮರೆತು, ಇಲ್ಲಿಗೆ ಯಾವ ಸಿದ್ಧತೆಯೂ ಬೇಡವೆಂದು ಭಾವಿಸುತ್ತೇವೆ.

ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಸಮೀಪದ ರಂಗನತಿಟ್ಟು, 2022ರಲ್ಲಿ ರಾಮ್‌ಸಾರ್ ತಾಣವೆಂಬ ಮನ್ನಣೆ ಪಡೆಯಿತು. ಹಕ್ಕಿಗಳು ಗೂಡು ಕಟ್ಟುವ ಅಲ್ಲಿನ ನಡುಗಡ್ಡೆಗಳನ್ನು ದೋಣಿಯಿಂದಲೇ ನೋಡಬೇಕು. ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ದೋಣಿವಿಹಾರವೂ ನಿಲ್ಲುತ್ತದೆ. ಮಳೆಗಾಲದಲ್ಲಿ ಬರುವವರು ಕೋಣೆ ಕಾಯ್ದಿರಿಸುವ ಮೊದಲು ಅಣೆಕಟ್ಟೆಯ ಹೊರಹರಿವನ್ನು ವಿಚಾರಿಸುವುದು ಲೇಸೆಂದು ನನ್ನ ಅಭಿಪ್ರಾಯ. ದೂರದ ಕಡಲಿಗೆ ತೋರುವ ವಿನಯವನ್ನು ಮನೆಬಾಗಿಲ ಹೊಳೆಗೂ ತೋರಬೇಡವೇ?