ಲಬಕ್‌ನ ದೀಪಗಳು ಮತ್ತು ಬಚ್ಚಿಟ್ಟ ಉತ್ತರ

1951ರ ಆಗಸ್ಟ್ 25ರ ರಾತ್ರಿ. ಅಮೆರಿಕದ ಟೆಕ್ಸಾಸ್ ರಾಜ್ಯದ ಲಬಕ್ ಪಟ್ಟಣದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರೊಬ್ಬರ ಹಿತ್ತಿಲಲ್ಲಿ ಪ್ರಾಧ್ಯಾಪಕ ಗೆಳೆಯರು ಹರಟುತ್ತ ಕೂತಿದ್ದರು. ನೀಲಿ-ಹಸಿರು ದೀಪಗಳ ಗುಂಪೊಂದು ಅವರ ನೆತ್ತಿಯ ಮೇಲೆ ಸದ್ದಿಲ್ಲದೆ ಹಾದು, ಕಣ್ಣು ಮಿಟುಕಿಸುವಷ್ಟರಲ್ಲಿ ಮರೆಯಾಯಿತು. ಕೆಲವೇ ದಿನಗಳಲ್ಲಿ ಆ ಪ್ರಾಧ್ಯಾಪಕರ ಕಾಲೇಜಿನ ವಿದ್ಯಾರ್ಥಿಯೊಬ್ಬ ಅಂಥ ದೀಪಗಳ ಫೋಟೊ ತೆಗೆದ. ಸ್ಥಳೀಯ ಪತ್ರಿಕೆ ಅವನ್ನು ಅಚ್ಚುಮಾಡಿತು. ಸುದ್ದಿ ವಾಯುಪಡೆಯ ತನಕ ಹೋಯಿತು.

ತನಿಖೆಗೆ ಬಂದವರು ಎಡ್ವರ್ಡ್ ರಪೆಲ್ಟ್. ಮರುವರ್ಷ ‘ಪ್ರಾಜೆಕ್ಟ್ ಬ್ಲೂ ಬುಕ್’ ಎಂಬ ಹೆಸರು ಪಡೆದ, ಆಕಾಶದಲ್ಲಿ ಕಂಡ ಗುರುತು ಸಿಗದ ವಸ್ತುಗಳ ವರದಿ ಪರಿಶೀಲಿಸುವ ವಾಯುಪಡೆ ವಿಭಾಗದ ಮುಖ್ಯಸ್ಥರು. ಕಂಡವರನ್ನು ಹಗುರವಾಗಿ ನೋಡದೆ ಕೂರಿಸಿ ಮಾತಾಡಿಸಿದ ಅಧಿಕಾರಿ ಎಂಬುದಕ್ಕೆ ಅವರ ಬಗ್ಗೆ ನನಗೆ ಗೌರವವಿದೆ. ಫೋಟೊಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಯಿತು. ಅವು ಸುಳ್ಳೆಂದೂ ಸಾಬೀತಾಗಲಿಲ್ಲ, ನಿಜವೆಂದೂ ಸಾಬೀತಾಗಲಿಲ್ಲ. ಫೋಟೊದಲ್ಲಿರುವ ‘ವಿ’ ಆಕಾರ ತಾವು ಕಂಡದ್ದಲ್ಲ ಎಂದು ಪ್ರಾಧ್ಯಾಪಕರೇ ಹೇಳಿದರು.

ಆ ಪ್ರಾಧ್ಯಾಪಕರು ಕೈಕಟ್ಟಿ ಕೂತವರಲ್ಲ. ದೀಪಗಳ ಎತ್ತರ ಅಳೆಯಲು ಎರಡು ತಂಡವಾಗಿ, ರೇಡಿಯೊ ಹಿಡಿದು ಊರಾಚೆಗೆ ಹೋಗಿ ಕಾದರು. ಏನೂ ಕಾಣಲಿಲ್ಲ. ಊರಲ್ಲೇ ಉಳಿದ ಅವರ ಹೆಂಡತಿಯರಿಗೆ ಮಾತ್ರ ದೀಪಗಳು ಕಂಡವಂತೆ! ಇಡೀ ಪ್ರಕರಣದ ಬೀಗದ ಕೈ ಇಲ್ಲೇ ಇದೆ ಎಂದು ನನಗನಿಸುತ್ತದೆ. ಊರಲ್ಲಿ ಹೊಸದಾಗಿ ಪಾದರಸದ ಆವಿಯ ಬೀದಿದೀಪಗಳು ಬಂದಿದ್ದವು. ಹಾರುವ ಜೀವಿಯ ಹೊಟ್ಟೆಯ ಮೇಲೆ ಆ ಬೆಳಕು ಬಿದ್ದು ಹೊಳೆಯಬೇಕಾದರೆ ಕೆಳಗೆ ಊರು ಇರಬೇಕಲ್ಲ? ಪಕ್ಕದ ಬ್ರೌನ್‌ಫೀಲ್ಡ್‌ನ ನಿವಾಸಿಯೊಬ್ಬರು ತಾವು ಕಂಡ ದೀಪಗಳು ಪ್ಲವರ್ ಹಕ್ಕಿಗಳೇ ಎಂದು ಗುರುತಿಸಿದ್ದರು. ಪ್ಲವರ್ ನಮ್ಮ ಟಿಟ್ಟಿಭದ ಬಳಗದ್ದು. ಆ ಹಕ್ಕಿ ಇಷ್ಟು ವೇಗವಾಗಿ ಹಾರದು ಎಂದು ವನ್ಯಜೀವಿ ರಕ್ಷಣಾಧಿಕಾರಿಯೊಬ್ಬರು ಒಪ್ಪಲಿಲ್ಲ.

1956ರಲ್ಲಿ ರಪೆಲ್ಟ್ ಪುಸ್ತಕ ಬರೆದರು. ಲಬಕ್‌ನ ದೀಪಗಳಿಗೆ ತೀರಾ ಸಾಮಾನ್ಯವಾದ ನೈಸರ್ಗಿಕ ಕಾರಣ ಸಿಕ್ಕಿದೆ ಎಂದರು. ಆ ಕಾರಣ ಯಾವುದೆಂದು ಮಾತ್ರ ಹೇಳಲಿಲ್ಲ. ಕಂಡುಹಿಡಿದ ವಿಜ್ಞಾನಿಯ ಗುರುತು ಗುಟ್ಟಾಗಿರಬೇಕಂತೆ. ಅಲ್ಲಿಗೆ ತನಿಖೆ ದಾರಿ ತಪ್ಪಿತು. ಬ್ಲೂ ಬುಕ್ 1969ರಲ್ಲಿ ಮುಚ್ಚುವಾಗ ದಾಖಲಾಗಿದ್ದ 12,618 ವರದಿಗಳಲ್ಲಿ 701ಕ್ಕೆ ವಿವರಣೆ ಸಿಕ್ಕಿರಲಿಲ್ಲ. ಜನರಲ್ಲಿ ಸಂಶಯ ಬೆಳೆಸಿದ್ದು ಆ 701 ಮಾತ್ರವಲ್ಲ, ಹೀಗೆ ಬಾಯಿಮುಚ್ಚಿ ಕೊಟ್ಟ ಉತ್ತರಗಳೂ ಹೌದು.

ಲಡಾಖ್ ಗಡಿಯಲ್ಲಿ 2012ರಲ್ಲಿ ನಮ್ಮ ಸೈನಿಕರಿಗೂ ವಿಚಿತ್ರ ಬೆಳಕು ಕಂಡಿತ್ತು. ಸೇನೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳ ನೆರವು ಕೇಳಿತು. ಅದು ಗುರು ಮತ್ತು ಶುಕ್ರ ಗ್ರಹಗಳು ಎಂದು ಅವರು ಹೇಳಿದರು. ಆ ಉತ್ತರವನ್ನು ಪಂಚಾಂಗ ಹಿಡಿದು ಯಾರು ಬೇಕಾದರೂ ತಾಳೆ ನೋಡಬಹುದು.

ಲಬಕ್‌ನವರಿಗೂ ಅಂಥದ್ದೇ ಉತ್ತರ ಸಲ್ಲಬೇಕಿತ್ತು. ರಾತ್ರಿ ಆಕಾಶದಲ್ಲಿ ಅರ್ಥವಾಗದ್ದೇನಾದರೂ ಕಂಡರೆ ಗಂಟೆ, ದಿಕ್ಕು, ಎತ್ತರ ಬರೆದಿಟ್ಟುಕೊಳ್ಳಿ. ಅದು ಇಂಥದ್ದು ಎಂದು ಯಾರಾದರೂ ತೀರ್ಪು ಕೊಟ್ಟರೆ, ಹೇಗೆ ಗೊತ್ತಾಯಿತು ಎಂದು ಕೇಳದೆ ಬಿಡಬೇಡಿ.